ಗಾಂಧಿ ಇಲ್ಲದ ನೂರರ ನೋಟು

ಜನ್ನಾಪುರ, ಭದ್ರಾವತಿ
15-6-2025, ಭಾನುವಾರ

ಪ್ರೀತಿಯ ಭೂಮಿಕಾಳ ಅಪ್ಪನಿಗೆ,

ಹೇಗಿದ್ದೀರಿ? ಕೆಮ್ಮು ನಿಂತಿತೇ? ಹೋದ ವಾರ ವಿಡಿಯೋ ಕಾಲಿನಲ್ಲಿ ಮಾತಾಡುವಾಗ ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಿರಿ. ನಿಮ್ಮ ಮೆಸ್ಸಿನ ಸಾಸಿವೆ ಎಣ್ಣೆಯ ಅಡುಗೆ ನಿಮಗೆ ಒಗ್ಗುವುದಿಲ್ಲ ಅಂತ ನನಗೆ ಗೊತ್ತು, ಒಗ್ಗಿದೆ ಅಂತ ನೀವು ಸುಳ್ಳು ಹೇಳುವುದೂ ಗೊತ್ತು. ಮೆಣಸಿನ ಕಷಾಯ ಮಾಡಿಕೊಳ್ಳಲು ಒಂದು ಸಣ್ಣ ಪಾತ್ರೆಯಾದರೂ ಇಟ್ಟುಕೊಳ್ಳಿ ಅಂತ ಎಷ್ಟು ಸಲ ಹೇಳಿದೆನೋ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಭೂಮಿ ಶಂಕರಘಟ್ಟದ ಹಾಸ್ಟೆಲಿನಿಂದ ಶನಿವಾರ ಬರುತ್ತಾಳೆ, ಬಟ್ಟೆ ಒಗೆಸಿಕೊಂಡು ಸೋಮವಾರ ಹೋಗುತ್ತಾಳೆ, ಓದುತ್ತಿದ್ದೇನೆ ಅನ್ನುತ್ತಾಳೆ. ನನಗೆ ಮದುವೆ ಸೀಸನ್ನಿನ ಬ್ಲೌಸುಗಳು ಇನ್ನೂ ಮುಗಿದಿಲ್ಲ. ನಿಮ್ಮ ಅವ್ವನಿಗೆ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ದಿನದಿಂದ ದಿನಕ್ಕೆ ಚೆನ್ನಾಗಿ ಓಡುತ್ತಿದೆ. ಅವರ ವಿಷಯವೇ ಬರೆಯಬೇಕಾಗಿದೆ.

ಕೈಯಲ್ಲಿ ಫೋನಿರುವಾಗ ಕಾಗದ ಯಾಕೆ ಅಂತ ಕೇಳಬೇಡಿ. ಫೋನಿನಲ್ಲಿ ನಾನು ಅರ್ಧ ಹೇಳುವುದರೊಳಗೆ ನೀವು 'ಬೇಡ ಧನಾ' ಅನ್ನುತ್ತೀರಿ, ಅಷ್ಟರಲ್ಲಿ ಸೈಟಿನಲ್ಲಿ ಯಾರೋ ಕೂಗುತ್ತಾರೆ, ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಡುತ್ತೀರಿ. ಕಾಗದವನ್ನು ನಡುವೆ ತಡೆಯುವುದಕ್ಕೆ ಆಗುವುದಿಲ್ಲವಲ್ಲ. ಅತ್ತೆಯೂ ಅದನ್ನೇ ಹೇಳಿದರು. 'ಬರಿ, ಪೂರ್ತಿ ಬರಿ, ಅವನು ಪೂರ್ತಿ ಓದ್ಲಿ' ಅಂದರು. ಈಗಲೂ ಬಾಗಿಲ ಹತ್ತಿರ ಕಾಲು ನೀಡಿಕೊಂಡು ಕೂತಿದ್ದಾರೆ, ಎಲ್ಲಿಗೆ ಬಂತು ಅಂತ ಆಗಾಗ ಕೇಳುತ್ತಿದ್ದಾರೆ.

ವಿಷಯ ಇಷ್ಟು. ಅಷ್ಟು ದೂರದ ಒಡಿಶಾದ ಅಂಗುಲ್‌ಗೆ ಬಂದು ನಿಮ್ಮನ್ನು ನೋಡಲೇಬೇಕು ಅಂತ ಅತ್ತೆ ಹಟ ಹಿಡಿದದ್ದು ನಿಮಗೆ ಗೊತ್ತೇ ಇದೆ. ನೀವು ಊರಿಗೆ ಬಂದು ಎರಡು ವರ್ಷವಾಗುತ್ತ ಬಂತು. ಈ ಯುಗಾದಿಗೆ ಬರುತ್ತೇನೆ ಅಂದವರು ರಜೆ ಸಿಗಲಿಲ್ಲ ಅಂದಿರಿ. ಆಗಿನಿಂದ ಅವರಿಗೆ ಒಂದೇ ಜಪ, 'ನಾನೇ ಹೋಗಿ ನೋಡ್ತೀನಿ.' ನೀವು ಒಮ್ಮೆ ಬಿಸಿಲು ಅಂದಿರಿ, ಒಮ್ಮೆ ಶೆಡ್ಡಿನಲ್ಲಿ ಹೆಂಗಸರಿಗೆ ಜಾಗ ಇಲ್ಲ ಅಂದಿರಿ, ಅದಕ್ಕೆಲ್ಲ ಅವರು ಸುಮ್ಮನಿದ್ದರು. ಕೊನೆಗೆ 'ಸುಮ್ನೆ ಖರ್ಚು ಅವ್ವಾ, ಆ ದುಡ್ಡಲ್ಲಿ ಮನೇಗೆ ಏನಾದ್ರೂ ಆಗ್ತದೆ' ಅಂದಿರಲ್ಲ, ಅಲ್ಲಿ ಕೆಟ್ಟಿತು. ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ, 'ಅವನ ದುಡ್ಡು ಯಾರಿಗೆ ಬೇಕು? ನನ್ ದುಡ್ಡಲ್ಲಿ ನಾನು ಹೋಗ್ತೀನಿ. ನಿನ್ನನ್ನೂ ಕರ್ಕೊಂಡು ಹೋಗ್ತೀನಿ' ಅಂದರು. ಇವರ ಹತ್ತಿರ ಎಲ್ಲಿಯ ದುಡ್ಡು ಅಂತ ನಾನು ನಕ್ಕೆ. ಪಿಂಚಣಿ ಮಾತ್ರೆಗೇ ಸಾಲುವುದಿಲ್ಲ.

ಅವರ ದಿಂಬು ನಿಮಗೆ ನೆನಪಿದೆಯಲ್ಲ, ಬೂರುಗದ ಹತ್ತಿಯದು, ಕಲ್ಲಿನ ಹಾಗೆ ಗಟ್ಟಿಯಾಗಿರುವುದು. ನಾನು ಈ ಮನೆಗೆ ಬಂದಾಗಿನಿಂದ ಅದರ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳ. ಬಿಚ್ಚಿ ಹೊಸ ಹತ್ತಿ ತುಂಬಿಸಿಕೊಡುತ್ತೇನೆ ಅಂದರೆ ಮೈಮೇಲೆ ಬರುತ್ತಿದ್ದರು. ಹೋದ ತಿಂಗಳು ಒಂದು ಸಂಜೆ ತಾವೇ ಬಂದು ನನ್ನ ಕತ್ತರಿ ಕೇಳಿದರು. ನನ್ನೆದುರಿಗೇ ದಿಂಬಿನ ಹೊಲಿಗೆ ಬಿಚ್ಚಿದರು. ಹತ್ತಿಯ ನಡುವಿನಿಂದ ಹಾಲಿನ ಕವರೊಂದು ಬಂತು, ಅದರೊಳಗೆ ಅಚ್ಚುಕಟ್ಟಾಗಿ ಜೋಡಿಸಿದ ನೂರರ ನೋಟುಗಳು. ಈಗಿನ ನೇರಳೆ ಬಣ್ಣದವಲ್ಲ, ಅದಕ್ಕೆ ಹಿಂದಿನವೂ ಅಲ್ಲ, ಅದಕ್ಕೂ ಹಿಂದಿನವು. ಅಂಗೈಗಿಂತ ಅಗಲ, ಮುಂದೆ ಸಿಂಹಗಳು, ಹಿಂದೆ ಅಣೆಕಟ್ಟು. ಗಾಂಧೀಜಿ ಎಲ್ಲೂ ಇಲ್ಲ. ಕಾರ್ಖಾನೆ ಗೇಟಿನ ಮುಂದೆ ಅವರು ಕಡಲೆಕಾಯಿ ಬೇಯಿಸಿ ಮಾರುತ್ತಿದ್ದ ಕಾಲದ ದುಡ್ಡು ಅದು. ಚಿಲ್ಲರೆಯೆಲ್ಲ ಸೇರಿ ನೂರಾದಾಗ, ಸಂಬಳದ ದಿನ ಯಾರಾದರೂ ಗುರುತಿನ ಗಿರಾಕಿಯ ಹತ್ತಿರ ಗರಿಗರಿ ನೋಟು ಬದಲಾಯಿಸಿಕೊಂಡು ದಿಂಬಿಗೆ ಹಾಕುತ್ತಿದ್ದರಂತೆ. ಮಾವನಿಗೂ ಗೊತ್ತಿರಲಿಲ್ಲವಂತೆ.

ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಮನೆಯಲ್ಲಿ ಎಂಥೆಂಥ ಕಷ್ಟ ಬಂದು ಹೋಯಿತು, ಇದನ್ನು ಯಾಕೆ ತೆಗೆಯಲಿಲ್ಲ ಅಂತ ಕೇಳಿಬಿಟ್ಟೆ. ಆಗ ಅವರು ಹೇಳಿದ್ದು ಕೇಳಿ ನನ್ನ ಸಿಟ್ಟು ಎಲ್ಲಿ ಹೋಯಿತೋ. ನೋಟು ಬಂದ್ ಆದ ಹೊತ್ತಿನಲ್ಲಿ ನೀವು ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಡುತ್ತಲೇ, 'ಹಳೇ ನೋಟೆಲ್ಲ ಮುಗೀತು, ಇನ್ನು ನಡೆಯಲ್ಲ' ಅಂದಿರಂತೆ. ನೀವು ಹೇಳಿದ್ದು ಐನೂರು, ಸಾವಿರದ್ದು. ಅವರು ಕೇಳಿಸಿಕೊಂಡದ್ದು ಹಳೇ ನೋಟೆಲ್ಲ ಅಂತ. ತಮ್ಮ ಗಂಟೂ ಹೋಯಿತು ಅಂದುಕೊಂಡು ಅವತ್ತಿನಿಂದ ಒಂದು ಮಾತೂ ಆಡದೆ ಅದೇ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಾರೆ. ನಮಗಾದರೂ ಹೇಳಬಾರದಿತ್ತೇ ಅಂದೆ. 'ಹೇಳಿದ್ರೆ ನೀವೆಲ್ಲ ಅಯ್ಯೋ ಪಾಪ ಅಂತೀರ. ದುಡ್ಡೂ ಹೋಗಿ ಅದೂ ಬೇಕಾ ನನಗೆ?' ಅಂದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ಅತ್ತಿರುತ್ತಿದ್ದೆ.

ನನ್ನ ದುಡ್ಡಲ್ಲಿ ಹೋಗುತ್ತೇನೆ ಅಂತ ಮೊದಲು ಅಂದದ್ದು ಬರೀ ರೋಷಕ್ಕೆ, ಆ ದುಡ್ಡು ಸತ್ತಿಲ್ಲ ಅಂತ ಅವರಿಗೆ ಗೊತ್ತಾದದ್ದು ಆಮೇಲೆ, ನಮ್ಮ ಮಹಿಳಾ ಸಂಘದ ಮೀಟಿಂಗಿನಲ್ಲಿ. ಬ್ಯಾಂಕಿನಿಂದ ಒಬ್ಬ ಮೇಡಂ ಬಂದು, ಫೋನಿನಲ್ಲಿ ಓಟಿಪಿ ಕೇಳಿದರೆ ಕೊಡಬೇಡಿ ಅಂತ ತಿಳಿಸುತ್ತಿದ್ದರು. ಮಾತಿನ ನಡುವೆ, ನೂರರ ನೋಟು ಎಷ್ಟು ಹಳೆಯದಾದರೂ ನಡೆಯುತ್ತೆ, ಅಂಗಡಿಯವರು ಬೇಡ ಅನ್ನಬಾರದು ಅಂದರು. ನಾನು ಆ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಅತ್ತೆ ನನ್ನ ಪಕ್ಕದಲ್ಲೇ ಚಕ್ಕುಲಿ ತಿನ್ನುತ್ತಿದ್ದವರು ನಿಲ್ಲಿಸಿದ್ದು ಮಾತ್ರ ನೋಡಿದ್ದೆ. ಅದೇ ಸಂಜೆ ಕತ್ತರಿ ಕೇಳಿದರು.

ಇಷ್ಟಾದ ಮೇಲೆ ಬ್ಯಾಂಕಿಗೆ ಹೋಗಿ ಬದಲಾಯಿಸಿಕೊಂಡು ಬರೋಣ ಅಂದೆ. ಭೂಮಿ ಇನ್ನೂ ಸುಲಭ ಮಾಡಿದಳು, 'ಅಜ್ಜಿ, ಅದನ್ನ ಹಾಗೇ ಇಟ್ಕೋ, ನಾನು ಮೊಬೈಲಲ್ಲೇ ಟಿಕೆಟ್ ಬುಕ್ ಮಾಡ್ತೀನಿ' ಅಂದಳು. ಅತ್ತೆ ಇಬ್ಬರನ್ನೂ ಒಂದೇ ಸಲ ಬೈದರು. 'ನಡೆಯೋ ನೋಟಿಗೆ ಬದಲಿ ಯಾಕೆ? ನಾನೇನು ಹರಿದಿದ್ದು ತಂದಿದೀನಾ?' ಅಂದರು. ಅವರ ಲೆಕ್ಕ ನೇರವಾಗಿತ್ತು. ದುಡಿದದ್ದು ದುಡ್ಡು, ದುಡ್ಡು ಕೊಟ್ಟರೆ ಸಾಮಾನು ಕೊಡಬೇಕು, ಟಿಕೆಟ್ ಕೊಡಬೇಕು. ಆದರೂ ಮೊದಲು ಒಂದು ನೋಟನ್ನು ಇಲ್ಲೇ ಪರೀಕ್ಷೆ ಮಾಡಿ ನೋಡೋಣ ಅಂತ, ನಮ್ಮ ಕಡೆ ಹೊಸದಾಗಿ ಆಗಿರುವ ಮಾರ್ಟ್‌ಗೆ ನನ್ನನ್ನು ಕರೆದುಕೊಂಡು ಹೋದರು. ಸಕ್ಕರೆ, ಸೋಪು, ಒಂದು ಪೊಟ್ಟಣ ಬಿಸ್ಕತ್ತು ಬುಟ್ಟಿಗೆ ಹಾಕಿಕೊಂಡು ಕ್ಯಾಷ್ ಕೌಂಟರಿನ ಮುಂದೆ ಪೊಲೀಸಿನವರ ಹಾಗೆ ನೆಟ್ಟಗೆ ನಿಂತರು.

ಅಲ್ಲಿ ಕೂತಿದ್ದವನು ಕ್ವಾರ್ಟರ್ಸ್ ಕಡೆಯ ತಮಿಳು ಹುಡುಗ, ಒಳ್ಳೆಯವನೇ, ಅಜ್ಜಿಯರಿಗೆಲ್ಲ ಪಾಟಿ ಅನ್ನುತ್ತಾನೆ. ನೋಟು ಕೈಗೆ ಬಂದ ಕೂಡಲೇ ತಿರುಗಿಸಿ ಮುರುಗಿಸಿ ನೋಡಿದ. 'ಪಾಟಿ, ಇದ್ರಲ್ಲಿ ಗಾಂಧಿ ಇಲ್ಲ' ಅಂದ. 'ಇಲ್ಲ ಅಂತ ನಂಗೂ ಗೊತ್ತು. ನೂರು ಐತೋ ಇಲ್ವೋ ಅದನ್ನ ನೋಡು' ಅಂದರು ಅತ್ತೆ. ಅವನು ನೀಲಿ ದೀಪದ ಕೆಳಗೆ ಹಿಡಿದ, ಪಕ್ಕದ ಹುಡುಗಿಗೆ ತೋರಿಸಿದ, ಆಕೆ ಫೋಟೋ ತೆಗೆದಳು. ಇದು 2016ರಲ್ಲೇ ಬಂದ್ ಆಯಿತಲ್ಲ ಅಂತ ಹಿಂದೆ ನಿಂತವರೊಬ್ಬರು ಹೇಳಿದರು. ನಾನು ಫೋನು ತೆಗೆದು ಸ್ಕ್ಯಾನ್ ಮಾಡಿ ಮುಗಿಸಿಬಿಡೋಣ ಅಂತ ಕೈ ಎತ್ತಿದರೆ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಕಡಲೆಕಾಯಿ ಹಂಡೆ ಇಳಿಸಿದ ಕೈ ಅದು, ಇನ್ನೂ ಎಷ್ಟು ಗಟ್ಟಿ ಅಂತೀರಿ. ಅಷ್ಟರಲ್ಲಿ ಮ್ಯಾನೇಜರ್ ಬಂದು ಕೈಮುಗಿದು, 'ಅಜ್ಜಿ, ದುಡ್ಡು ಬೇಡ, ಸಾಮಾನು ಹಾಗೇ ತಗೊಂಡು ಹೋಗಿ' ಅಂದರು. ಮರ್ಯಾದಸ್ಥ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅತ್ತೆಗೆ ಅದೇ ದೊಡ್ಡ ಪೆಟ್ಟಾಯಿತು. ಸಕ್ಕರೆ, ಸೋಪು, ಬಿಸ್ಕತ್ತು ಒಂದೊಂದೇ ತೆಗೆದು ಕೌಂಟರಿನ ಮೇಲಿಟ್ಟು, 'ನಾನು ಬೇಡೋಕೆ ಬಂದಿಲ್ಲಪ್ಪ, ಕೊಳ್ಳೋಕೆ ಬಂದೆ' ಅಂದು ನೋಟು ಮಡಚದೆ ವಾಪಸು ತೆಗೆದುಕೊಂಡರು.  ಮನೆ ಹತ್ತಿರ ಬಂದಾಗ, 'ಆ ಹುಡುಗನ್ನ ಬೈಬೇಡ. ಅವನು ಹುಟ್ಟೋ ಹೊತ್ತಿಗೆ ಈ ನೋಟು ದಿಂಬಲ್ಲಿತ್ತು' ಅಂದರು.

ಅಲ್ಲಿಗೆ ಸುಮ್ಮನಾಗುತ್ತಾರೆ ಅಂತ ನಾನು ಅಂದುಕೊಂಡಿದ್ದು ನನ್ನ ದಡ್ಡತನ. ಮೊನ್ನೆ ಶುಕ್ರವಾರ ಬೆಳಿಗ್ಗೆ ಎದ್ದಾಗ ಇಳಕಲ್ ಸೀರೆ ಉಟ್ಟುಕೊಂಡು, ಎಣ್ಣೆ ಹಾಕಿ ತಲೆ ಬಾಚಿಕೊಂಡು ರೆಡಿಯಾಗಿ ಕೂತಿದ್ದಾರೆ. 'ಸರ್ಕಾರದ ನೋಟು ಸರ್ಕಾರದ ಕಿಟಕೀಲಿ ನಡೀಬೇಕು. ಶಿವಮೊಗ್ಗದ ರೈಲ್ವೆ ಸ್ಟೇಷನ್ನಿಗೆ ನಡಿ' ಅಂದರು. ಇಲ್ಲಿನ ಸ್ಟೇಷನ್ನಿನಲ್ಲೇ ಕೇಳೋಣ ಅಂದರೆ ಒಪ್ಪಲಿಲ್ಲ. ಇಲ್ಲಿ ನಡೆಯದೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ಅಲ್ಲಾದರೆ ಯಾರಿಗೂ ಪರಿಚಯವಿಲ್ಲ ಅನ್ನುವ ಯೋಚನೆ ಇರಬೇಕು. 

ಹೋಗುವಾಗ ಬಸ್ಸಿನಲ್ಲಿ ಇನ್ನೊಂದು ತಮಾಷೆ. ಪ್ರೈವೇಟ್ ಬಸ್ಸು, ಕಂಡಕ್ಟರನಿಗೂ ಅದೇ ನೋಟು ಕೊಟ್ಟರು. ಅವನು 'ಅಯ್ಯೋ ಮಾರಾಯ್ತಿ, ಇದನ್ನ ಮ್ಯೂಸಿಯಂಗೆ ಕೊಡಿ' ಅಂದು ನಕ್ಕ. ಟಿಕೆಟಿಗೆ ನಾನೇ ಚಿಲ್ಲರೆ ಕೊಟ್ಟೆ. ಆಗ ಮುಂದಿನ ಸೀಟಿನಿಂದ ಒಬ್ಬರು ತಿರುಗಿದರು. ತ್ರಿವಿಕ್ರಮ ಅಂತ ಹೆಸರು, ರವೀಂದ್ರನಗರದಲ್ಲಿ ಮನೆ, ಹಳೆಯ ನಾಣ್ಯ ನೋಟು ಕೂಡಿಸುವ ಹವ್ಯಾಸವಂತೆ. ನೋಟನ್ನು ಮುಟ್ಟಲೂ ಹೆದರುವವರ ಹಾಗೆ ತುದಿ ಹಿಡಿದು ನೋಡಿ, ಒಂದಕ್ಕೆ ಐನೂರು ಕೊಡುತ್ತೇನೆ, ಇನ್ನೂ ಇದ್ದರೆ ಎಲ್ಲವನ್ನೂ ತೆಗೆದುಕೊಳ್ಳುತ್ತೇನೆ ಅಂದರು.  ರೈಲಿನ ಟಿಕೆಟ್ಟೇನು, ಮನೆಗೆ ಹೊಸ ಹೊಲಿಗೆ ಮಿಷನ್ನೂ ಬರುತ್ತದೆ ಅಂತ ಮನಸ್ಸಿನಲ್ಲೇ ಮಂಡಿಗೆ ತಿಂದುಬಿಟ್ಟೆ. ಅತ್ತೆ ಅವರನ್ನು ಮೇಲಿನಿಂದ ಕೆಳಗೆ ನೋಡಿ, 'ನೂರು ರೂಪಾಯಿಗೆ ಐನೂರು ಯಾಕೆ ಕೊಡ್ತೀರ ಸ್ವಾಮಿ?' ಅಂತ ಕೇಳಿದರು. ಈಗ ಇವು ಎಲ್ಲೂ ಸಿಗುವುದಿಲ್ಲ, ಅಪರೂಪದ್ದು ಅಂದರು ಅವರು. 'ನಾನು ಇದನ್ನ ಅಪರೂಪ ಅಂತ ಇಟ್ಟಿದ್ದಲ್ಲ. ಇದು ಮಾರೋ ಸಾಮಾನಲ್ಲ, ಕೊಡೋ ದುಡ್ಡು. ಇದಕ್ಕೆ ನೂರು ರೂಪಾಯಿಯ ಸಾಮಾನು ಬಂದ್ರೆ ಸಾಕು ನಂಗೆ' ಅಂದು ಸೆರಗಿನೊಳಗೆ ಇಟ್ಟುಕೊಂಡರು. ಬೇಕಾದರೆ ಬೈಯಿರಿ, ನನಗೆ ಹೊಟ್ಟೆ ಉರಿಯಿತು. ಆದರೆ ಆ ಮನುಷ್ಯ ಇಳಿಯುವಾಗ ಅತ್ತೆಗೆ ನಮಸ್ಕಾರ ಮಾಡಿ ಇಳಿದರು. ನನಗೂ ಮಾಡಬೇಕು ಅನ್ನಿಸಿತು, ನಾಚಿಕೆಯಾಯಿತು.

ಸ್ಟೇಷನ್ನಿನಲ್ಲಿ ಕ್ಯೂ ಉದ್ದ ಇತ್ತು. ನಾನು ಫಾರಂ ತುಂಬಿದೆ. ಕಿಟಕಿಯಲ್ಲಿ ಕೂತಿದ್ದ ಹುಡುಗಿ ಭೂಮಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಎದೆಯ ಮೇಲೆ ಶರಾವತಿ ಅಂತ ಹೆಸರಿನ ಪಟ್ಟಿ. ಫಾರಂ ನೋಡಿ ಹೆಸರು ಕೇಳಿದಳು. 'ಮಾಸ್ತಮ್ಮ, ಗಂಡ ಓಬಯ್ಯ' ಅಂದರು ಅತ್ತೆ. ಗಂಡನ ಹೆಸರು ಅವಳು ಕೇಳಿರಲೇ ಇಲ್ಲ. ಇಬ್ಬರಿಗೂ ಸ್ಲೀಪರ್ ಇದೆ, ಬೆಂಗಳೂರಿನಲ್ಲಿ ಗಾಡಿ ಬದಲಾಯಿಸಬೇಕು, ಇಷ್ಟಾಗುತ್ತದೆ ಅಂತ ಹೇಳಿದಳು. ಅತ್ತೆ ಹಾಲಿನ ಕವರು ಬಿಚ್ಚಿ ನೋಟಿನ ಕಟ್ಟನ್ನು ಕಿಟಕಿಯೊಳಗೆ ತಳ್ಳಿದರು. ಹುಡುಗಿ ಒಂದು ನೋಟು ತೆಗೆದು ನೋಡಿದಳು, ಇನ್ನೊಂದು ತೆಗೆದು ನೋಡಿದಳು. 'ಅಜ್ಜಿ, ಈ ನೋಟು ನಾನು ನೋಡೇ ಇಲ್ಲ' ಅಂದಳು. ನೋಡಿಲ್ಲ ಅಂದಳೇ ಹೊರತು ನಡೆಯಲ್ಲ ಅನ್ನಲಿಲ್ಲ. ಗಮನಿಸಿ, ಅಷ್ಟು ಜನರಲ್ಲಿ ಹಾಗೆ ಅಂದವಳು ಅವಳೊಬ್ಬಳೇ. ಅತ್ತೆಗೆ ಅಲ್ಲಿಯೇ ಅವಳು ಇಷ್ಟವಾದಳು. 'ನೋಡಿಲ್ದಿದ್ರೆ ಈಗ ನೋಡು ಮಗಳೇ. ಯಾರನ್ನಾದ್ರೂ ಕೇಳ್ಬೇಕು ಅಂದ್ರೆ ಕೇಳು, ನಂಗೇನು ಅವಸರ ಇಲ್ಲ' ಅಂದರು. ಹಿಂದಿನವರಿಗೆಲ್ಲ ಅವಸರವಿತ್ತು. ಒಬ್ಬ, ಅಜ್ಜಿ ಪಕ್ಕಕ್ಕೆ ಬನ್ನಿ, ನಮ್ಮದಾದರೂ ಆಗಲಿ ಅಂದ. ಅತ್ತೆ ಅಲುಗಾಡಲಿಲ್ಲ. ಬೆಂಚಿನ ಮೇಲೆ ಕೂತಿರಿ, ಕರೆಯುತ್ತೇನೆ ಅಂತ ಹುಡುಗಿಯೇ ಹೇಳಿದರೂ ಕೇಳಲಿಲ್ಲ. ಮಂಡಿ ಹಿಡಿದುಕೊಂಡು, ಒಂದು ಕೈಯಲ್ಲಿ ಕಿಟಕಿಯ ಕಂಬಿ ಹಿಡಿದುಕೊಂಡು ನಿಂತೇ ಇದ್ದರು.

ಅವಳು ಒಳಗೆ ಹೋಗಿ ಯಾರನ್ನೋ ಕೇಳಿದಳು, ಫೋನು ಮಾಡಿದಳು, ವಾಪಸು ಬಂದು ನಗುತ್ತ, 'ನಡೆಯುತ್ತೆ ಅಜ್ಜಿ. ನನಗೆ ಗೊತ್ತಿರಲಿಲ್ಲ, ಸಾರಿ' ಅಂದಳು. ಅತ್ತೆ ಆಗ ಬಿಟ್ಟ ಉಸಿರು ನನಗೂ ಕೇಳಿಸಿತು. ಆದರೆ ಎಣಿಸುವ ಮಿಷನ್ನು ಆ ದೊಡ್ಡ ನೋಟುಗಳನ್ನು ನುಂಗಲೊಲ್ಲದು, ಗರ್ ಅಂದು ನಿಂತುಬಿಡುತ್ತದೆ. 'ಕೊಡು ಇತ್ಲಾಗೆ' ಅಂದು ಅತ್ತೆಯೇ ಒಂದೊಂದಾಗಿ ಕಿಟಕಿಯ ಕಟ್ಟೆಯ ಮೇಲೆ ಇಡುತ್ತ, ಪಾವಿನಲ್ಲಿ ಕಡಲೆಕಾಯಿ ಅಳೆಯುತ್ತಿದ್ದ ರಾಗದಲ್ಲೇ ಎಣಿಸತೊಡಗಿದರು. 'ಲಾಭ. ಎರಡು. ಮೂರು. ನಾಕು.' ಹುಡುಗಿ ಕೈ ಅಡ್ಡ ಹಿಡಿದಳು. 'ಅಜ್ಜಿ, ಒಂದು ಬಿಟ್ಟೋಯ್ತು. ನೀವು ಒಂದು ಅನ್ನಲೇ ಇಲ್ಲ.' ಅತ್ತೆ ಮತ್ತೆ ಮೊದಲಿನಿಂದ ಶುರುಮಾಡಿದರು, 'ಲಾಭ. ಎರಡು.' ಅವಳು ಮತ್ತೆ ನಿಲ್ಲಿಸಿದಳು. ಲಾಭ ಅನ್ನುವುದನ್ನು ದೇವರ ಹೆಸರೋ ಏನೋ ಅಂದುಕೊಂಡು ಎರಡರಿಂದ ಲೆಕ್ಕ ಹಿಡಿಯುತ್ತಿದ್ದಳು ಪಾಪ, ಪ್ರತಿ ಸಲವೂ ಅವಳದು ಒಂದು ನೋಟು ಕಡಿಮೆ. ಹಿಂದೆ ನಿಂತಿದ್ದ ಅಡಿಕೆ ಮಂಡಿಯ ಯಜಮಾನರೊಬ್ಬರು ಗೊಳ್ಳೆಂದು ನಕ್ಕು, 'ಅಮ್ಮಾ, ಅಳೆಯುವವರು ಒಂದು ಅನ್ನಲ್ಲ, ಮೊದಲನೇದಕ್ಕೆ ಲಾಭ ಅಂತಾರೆ, ನಿಮ್ಮ ಮನೇಲಿ ಯಾರೂ ಭತ್ತ ಅಳೆದಿಲ್ವ?' ಅಂದರು. ಅತ್ತೆ ಅವಳಿಗೆ ಸಮಾಧಾನವಾಗಿ ಹೇಳಿದರು, 'ಒಂದು ಅಂದ್ರೆ ಒಂಟಿ ಆಗೋಯ್ತದೆ ಮಗಳೇ. ಅದಕ್ಕೇ ಲಾಭ ಅಂತ ಶುರುಮಾಡೋದು.' ಮೂರನೇ ಸಲ ಇಬ್ಬರೂ ಒಟ್ಟಿಗೆ ಎಣಿಸಿದರು. ಆ ಹುಡುಗಿ ಗಾಜಿನ ಆ ಕಡೆಯಿಂದ ಗಟ್ಟಿಯಾಗಿ ಲಾಭ ಅಂದಾಗ ಕ್ಯೂನಲ್ಲಿದ್ದವರೆಲ್ಲ ನಕ್ಕರು, ಅವಸರದವನೂ ನಕ್ಕ. ನೀವು ಅಲ್ಲಿ ಇರಬೇಕಿತ್ತು.

ಆದರೆ ಎಲ್ಲ ಎಣಿಸಿ ಮುಗಿದ ಮೇಲೆ ಇಬ್ಬರ ಟಿಕೆಟ್ಟಿಗೆ ಸ್ವಲ್ಪ ಸಾಲದೆ ಬಂತು. ಅತ್ತೆಗೆ ಅದು ಗೊತ್ತಿದ್ದ ಹಾಗಿತ್ತು. ಎದೆಯ ಹತ್ತಿರದಿಂದ ಬಟ್ಟೆಯ ಚೂರಿನಲ್ಲಿ ಸುತ್ತಿದ ಇನ್ನೊಂದು ನೋಟು ತೆಗೆದರು. ಅದನ್ನು ನಾನು ನೋಡಿರಲೇ ಇಲ್ಲ. ಐನೂರರದು. ಮಾವ ತಮ್ಮ ಕೊನೆಯ ಬೋನಸ್ಸು ಬಂದಾಗ, ಇದನ್ನು ನಿನಗೆ ಅಂತ ಕೊಡ್ತಿದೀನಿ, ಮನೆ ಖರ್ಚಿಗೆ ಹಾಕಬೇಡ ಅಂತ ಕೊಟ್ಟಿದ್ದಂತೆ. ಬ್ಯಾಂಕಿನ ಮೇಡಂ ಹೇಳಿದ್ದು ನೂರರ ವಿಷಯ, ಅತ್ತೆ ಅದು ಎಲ್ಲ ಹಳೇ ನೋಟಿಗೂ ಅಂದುಕೊಂಡಿದ್ದರು. ಮೊದಲು ಗೊತ್ತಿದ್ದರೆ ನಾನು ಮನೆಯಲ್ಲೇ ಹೇಳಿರುತ್ತಿದ್ದೆ. ಶರಾವತಿ ಅದನ್ನು ಕೈಗೆ ತೆಗೆದುಕೊಂಡು, ಹೇಗೆ ಹೇಳಲಿ ಅಂತ ನನ್ನ ಮುಖ ನೋಡಿದಳು. ಆಮೇಲೆ, 'ಅಜ್ಜಿ, ಇದು ಮಾತ್ರ ಆಗಲ್ಲ. ಇದು ನಿಜವಾಗ್ಲೂ ಬಂದ್ ಆಗಿದೆ' ಅಂದಳು. ಅತ್ತೆ ನೋಟನ್ನು ತಿರುಗಿಸಿ, 'ಇದ್ರಲ್ಲಿ ಗಾಂಧಿ ಅದಾನಲ್ಲ ಮಗಳೇ' ಅಂದರು. ಯಾರೂ ನಗಲಿಲ್ಲ. ಗಾಂಧಿ ಇಲ್ಲದ್ದು ನಡೆಯಿತು, ಇದ್ದದ್ದು ನಡೆಯಲಿಲ್ಲ, ಅದನ್ನು ಯಾರಾದರೂ ಅವರಿಗೆ ಹೇಗೆ ತಿಳಿಸಿ ಹೇಳುವುದು?

ನಾನು ಪರ್ಸಿಗೆ ಕೈ ಹಾಕಿದೆ. ಬೇಡ ಅಂತಾರೆ, ಜಗಳ ಆಗುತ್ತದೆ, ಎಲ್ಲ ವಾಪಸು ತೆಗೆದುಕೊಂಡು ಮನೆಗೆ ನಡಿ ಅಂತಾರೆ ಅಂದುಕೊಂಡಿದ್ದೆ. ಅವರು ಆ ನೋಟನ್ನು ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿದರು, ನಿಧಾನವಾಗಿ, ಮಗುವಿಗೆ ಬಟ್ಟೆ ಸುತ್ತುವ ಹಾಗೆ. 'ಅವರು ಹೋದ್ರು, ಅವರ ನೋಟೂ ಹೋಯ್ತು. ನಂದು ನಡೀತೈತೆ' ಅಂದರು. ನನ್ನ ಕಡೆ ತಿರುಗಿ, 'ಕಡಿಮೆ ಬಿದ್ದಿದ್ದು ನೀನು ಹಾಕು. ದಾರೀಲಿ ಊಟ ಕಾಫಿ ನನ್ ಪಿಂಚಣೀಲಿ' ಅಂದರು. ಅಷ್ಟೇ. ಕಣ್ಣಲ್ಲಿ ಒಂದು ಹನಿ ಇಲ್ಲ. ಗೊಳೋ ಅಂತ ಅತ್ತದ್ದು ನಾನು, ಕ್ಯೂನಲ್ಲಿದ್ದವರೆದುರಿಗೆ. ಟಿಕೆಟ್ ಕೊಡುವಾಗ ಆ ಹುಡುಗಿ ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟಳು, 'ಲಾಭ ಅಜ್ಜಿ' ಅಂದಳು. ಅವಳಿಗೆ ಆ ಪದ ಬಹಳ ಹಿಡಿಸಿರಬೇಕು.

ನಿಮಗೆ ಒಂದು ಮಾತು ಹೇಳಲೇಬೇಕು. ಈ ಮನೆಗೆ ಬಂದ ಮೇಲೆ ನಿಮ್ಮ ಅವ್ವನ ಜೊತೆ ನಾನು ಉಪ್ಪಿಗೂ ಜಗಳ ಆಡಿದ್ದೇನೆ, ಸೊಪ್ಪಿಗೂ ಆಡಿದ್ದೇನೆ. ಮುಂದೆಯೂ ಆಡುತ್ತೇನೆ. ಆದರೆ ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಅವರು ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದರು. ನಾನು ಭದ್ರಾವತಿ ಬರುವವರೆಗೂ ಅಲುಗಾಡದೆ ಕೂತಿದ್ದೆ. ಇವರು ನನ್ನ ಅತ್ತೆ ಅಂತ ಬಸ್ಸಿನಲ್ಲಿದ್ದವರಿಗೆಲ್ಲ ಹೇಳಬೇಕು ಅನ್ನಿಸಿತು. ಹೆಂಗಸೊಬ್ಬಳು ಬಿಸಿಲಲ್ಲಿ ಕೂತು ಕಡಲೆಕಾಯಿ ಮಾರಿ, ದುಡ್ಡು ಸತ್ತಿತು ಅಂತ ತಿಳಿದ ಮೇಲೂ ಎಸೆಯದೆ, ಬದುಕಿದೆ ಅಂತ ಗೊತ್ತಾದ ಕೂಡಲೇ ಎದ್ದು ಅದನ್ನು ಮಗನನ್ನು ನೋಡುವುದಕ್ಕೆ ಖರ್ಚು ಮಾಡುತ್ತಾಳೆ ಅಂದರೆ, ಅವಳಿಗೆ ಬೇಡ ಅನ್ನುವ ಧೈರ್ಯ ನನಗಿಲ್ಲ. ನಿಮಗಿದ್ದರೆ ನೀವೇ ಎದುರಿಗೆ ನಿಂತು ಹೇಳಿ.

ಹಾಗಾಗಿ ಗುರುವಾರ 26ಕ್ಕೆ ಇಲ್ಲಿಂದ ಹೊರಟು ಶನಿವಾರ 28ರ ಬೆಳಿಗ್ಗೆ ಅಲ್ಲಿ ಇಳಿಯುತ್ತೇವೆ. ಭೂಮಿ ಹಾಸ್ಟೆಲಿನಲ್ಲಿರುತ್ತಾಳೆ, ಮನೆಯ ಬೀಗದ ಕೈ ಎದುರು ಮನೆಯ ಶೇಷಮ್ಮನ ಹತ್ತಿರ. ಈ ಕಾಗದ ನಾಳೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ನಿಮ್ಮ ಕೈಗೆ ಬಂದ ಮೇಲೆ ಫೋನು ಮಾಡಿ ಬೈಯಬಹುದು, ಆದರೆ ಟಿಕೆಟ್ ರದ್ದು ಮಾಡಿಸುವ ಮಾತು ಎತ್ತಬೇಡಿ. ಆ ನೋಟುಗಳನ್ನು ಇನ್ನು ಯಾರೂ ನಮಗೆ ವಾಪಸು ಕೊಡುವುದಿಲ್ಲ. ಶೆಡ್ಡಿನಲ್ಲಿ ಜಾಗ ಇಲ್ಲದಿದ್ದರೆ ಪರವಾಗಿಲ್ಲ, ಯಾವುದಾದರೂ ಛತ್ರ ಕೇಳಿಡಿ. ಚಟ್ನಿಪುಡಿ, ರಾಗಿಹಿಟ್ಟು ತರುತ್ತಿದ್ದೇನೆ. ಬೆಲ್ಲ ಬೇಕಾದರೆ ತಿಳಿಸಿ.

ಅತ್ತೆ ತಲೆಯ ಮೇಲೆ ಕೈಯಿಟ್ಟು ಹರಸಿದ್ದೇನೆ ಅಂತ ಬರಿ ಅಂದರು, ಹರಸಿದ್ದಾರೆ. ಭೂಮಿಯ ನಮಸ್ಕಾರ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ ದಾರಿಯ ಕಡೆಗೇ ಹೊರಟಿರುವ,
ಧನಲಕ್ಷ್ಮಿ

ಮತ್ತೆ: ಕವರು ಅಂಟಿಸುವ ಮೊದಲು ಎಲ್ಲ ಓದಿ ಹೇಳು ಅಂದರು. ಓದಿದೆ. ಕೇಳಿ, 'ಮುಖ್ಯವಾದದ್ದೇ ಬರೆದಿಲ್ವಲ್ಲೇ' ಅಂದರು. ಅವರು ಈಗ ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. ಇಷ್ಟು ದಿನ ನನಗೆ ಕಾಣಲೇ ಇಲ್ಲ. 'ಯುಗಾದಿ ಆದಾಗಿಂದ ಫೋನಿನಲ್ಲಿ ನಿನ್ನ ಎಡಗೈ ನೋಡಿಲ್ಲ ಮಗನೇ. ಉಣ್ಣೋವಾಗ ತಟ್ಟೆ ಹಿಡಿಯಲ್ಲ, ನೀರು ಕುಡಿಯೋಕೆ ತುತ್ತು ಕೆಳಗಿಡ್ತೀಯ, ಅಂಗಿ ಗುಂಡಿ ಹಾಕ್ಕೊಂಡಿರಲ್ಲ. ಏನಾಯ್ತು ಅಂತ ಫೋನಿನಲ್ಲಿ ಹೇಳ್ಬೇಡ. ಸ್ಟೇಷನ್ನಿಗೆ ಬಾ, ಕೈ ಮುಚ್ಕೊಂಡು ಬರ್ಬೇಡ. ಎಷ್ಟು ಉಳಿದೈತೋ ಅಷ್ಟನ್ನ ಹಿಡ್ಕೊಳ್ಳೋಕೆ ನಾನು ಬರ್ತಿದೀನಿ.'